ಬಿಸಿ ಕೋಣೆಯ ಪದ್ಮಕ್ಕ

ಮೇ ತಿಂಗಳ ಮಧ್ಯಾಹ್ನ ಏಸಿ ಇರುವ ಕೋಣೆಗೆ ಹೋಗಿ, ಏಸಿ ಆರಿಸಿ, ಕಿಟಕಿ ತೆರೆದು, ಬಾಗಿಲು ಹಾಕಿಕೊಂಡು ಕೂರುವವರನ್ನು ಚೆನ್ನೈಯಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುತ್ತಿಗೆಗೆ ಒದ್ದೆ ಟವೆಲ್ ಹಾಕಿಕೊಂಡು, ಎದುರಿಗೆ ಎರಡು ಕಂಪ್ಯೂಟರ್ ಇಟ್ಟುಕೊಂಡು ಪದ್ಮಕ್ಕ ಕೂತಿರುತ್ತಿದ್ದರು. ಆ ಕೋಣೆಗೆ ಆಫೀಸಿನವರು ಇಡ್ಲಿ ಪಾತ್ರೆ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. "ಬೇಯೋದು ನಾನು, ಬೆವರು ನಿಮಗೇನಕ್ಕೆ?" ಅನ್ನುತ್ತಿದ್ದರು. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಆ ಕೋಣೆಯಲ್ಲಿ ಈಗ ಏಸಿ ಆರುವುದಿಲ್ಲ ಎಂದು ಕೇಳಿದ್ದೇನೆ.

ನಮ್ಮದು ವೇಲಚೇರಿಯ ಒಂದು ಸಣ್ಣ ಕಚೇರಿ. ಯಾವ ಕಂಪ್ಯೂಟರ್ ಕೊಂಡರೆ ಒಳ್ಳೆಯದು ಎಂದು ಜನಕ್ಕೆ ಹೇಳುವ ವೆಬ್‌ಸೈಟು. ಮಾರುಕಟ್ಟೆಗೆ ಹೊಸದಾಗಿ ಬರುವ ಪ್ರೊಸೆಸರ್‌ಗಳನ್ನು, ಅಂದರೆ ಕಂಪ್ಯೂಟರಿನ ಮಿದುಳುಗಳನ್ನು, ಎರಡೆರಡಾಗಿ ಜೊತೆಗಿಟ್ಟು, ಎರಡಕ್ಕೂ ಒಂದೇ ಕೆಲಸ ಕೊಟ್ಟು, ಯಾವುದು ಬೇಗ ಮುಗಿಸುತ್ತದೆ ಎಂದು ನೋಡುವುದು ಪದ್ಮಕ್ಕನ ಕೆಲಸ. ಅವರು ಕೊಟ್ಟ ಅಂಕಿಗಳನ್ನು ಓದುವಂತೆ ಬರೆಯುವುದು ನನ್ನ ಕೆಲಸ. ಇಬ್ಬರೂ ಕನ್ನಡದವರು. ನನ್ನ ತಂದೆ ರೈಲ್ವೆ ಕೆಲಸಕ್ಕೆಂದು ಇಲ್ಲಿಗೆ ಬಂದವರು; ಪದ್ಮಕ್ಕನದು ತಲೆಮಾರುಗಳಿಂದ ತ್ರಿಪ್ಲಿಕೇನಿನಲ್ಲಿ ನೆಲೆಸಿದ ವೈಷ್ಣವ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳು, ಕಾಲು ಇಂಗ್ಲಿಷು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನ ಮನೆಯಿಂದ ವಾಪಸ್ಸು ಬಂದು ಅಣ್ಣನ ಮನೆಯಲ್ಲಿದ್ದರು. ದಿನವೂ ಬೆಳಗ್ಗೆ ಟಿಫನ್ ಡಬ್ಬಿ ಹಿಡಿದು ಅಲ್ಲಿಂದ ರೈಲು ಹತ್ತಿ ಬರುತ್ತಿದ್ದರು.

ಪರೀಕ್ಷೆಗೆ ಅವರು ಇಟ್ಟುಕೊಂಡಿದ್ದು ಅಣ್ಣನ ಮಗನ ಉಪನಯನದ ವಿಡಿಯೋ. ಆ ಉದ್ದನೆಯ ವಿಡಿಯೋವನ್ನು ಪ್ರತಿಯೊಂದು ಪ್ರೊಸೆಸರಿಗೂ ಕೊಟ್ಟು, ಕಡಿಮೆ ಜಾಗ ಹಿಡಿಯುವಂತೆ ಚಿಕ್ಕದು ಮಾಡಿಸುತ್ತಿದ್ದರು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಸರಕೆಲ್ಲ ಆ ಹುಡುಗನ ಮುಂಜಿಗೆ ಹಾಜರಿ ಹಾಕಿ ಹೋಗಿದೆ. ಬೇರೆಯವರು ಶುರುವಿನ ವೇಗ ನೋಡಿ ತೀರ್ಪು ಕೊಟ್ಟುಬಿಡುತ್ತಿದ್ದರು. ಪದ್ಮಕ್ಕ ಯಂತ್ರ ಕಾದು ಸುಸ್ತಾಗುವವರೆಗೂ ಏಳುತ್ತಿರಲಿಲ್ಲ. "ಮೊದಲು ಸ್ವಲ್ಪ ಹೊತ್ತು ಎಲ್ಲಾ ಅಳಿಯಂದಿರೂ ಒಳ್ಳೆಯವರೇ ಕಣಪ್ಪಾ," ಎಂದಿದ್ದರು ಒಮ್ಮೆ. ಅದರಲ್ಲಿ ಸ್ವಂತ ಅನುಭವ ಎಷ್ಟಿತ್ತೋ, ನಾನು ಕೇಳಲಿಲ್ಲ.

ಏಸಿ ಯಾಕೆ ಆರಿಸುತ್ತೀರಿ ಎಂದು ಮಾತ್ರ ಕೇಳಿದ್ದೆ.

"ಏನಪ್ಪಾ ರಘು, ನಮ್ಮ ಜನ ಎಷ್ಟು ಮಂದಿ ಏಸೀಲಿ ಕೂತು ಕೆಲಸ ಮಾಡ್ತಾರೆ ಹೇಳು. ಮೊಟ್ಟೆಮಾಡಿ ಮೇಲೆ ಶೀಟ್ ಹೊದಿಸಿದ ರೂಮು, ತಲೆ ಮೇಲೊಂದು ಫ್ಯಾನು, ಅಷ್ಟೇ ತಾನೆ? ಅಲ್ಲಿ ಓಡಿದ್ರೆ ಓಡಿತು ಅನ್ನು. ಫ್ರಿಜ್ಜೊಳಗೆ ಓಡಿದ್ದನ್ನ ಕಟ್ಟಿಕೊಂಡು ನಾನೇನು ಮಾಡ್ಲಿ?" ಎಂದರು. ಮೊಟ್ಟೆಮಾಡಿ ಎಂದರೆ ಇಲ್ಲಿ ಮನೆಯ ತಾರಸಿ.

ಓದುಗರಿಗೆ ಅವರ ಮೇಲೆ ಎಂಥ ನಂಬಿಕೆ ಎಂದರೆ, ಕಂಪ್ಯೂಟರ್ ಸಾಮಾನಿಗೆ ಹೆಸರಾದ ರಿಚ್ಚಿ ಸ್ಟ್ರೀಟಿನ ಅಂಗಡಿಯವರು ಗಿರಾಕಿಗಳಿಗೆ "ಪದ್ಮಾ ಅಮ್ಮ ಪಾಸ್ ಮಾಡಿದ್ದಾರೆ" ಎಂದೇ ಹೇಳಿ ಮಾರುತ್ತಿದ್ದರು. ಆ ಹೆಸರು ಬಿಟ್ಟರೆ ಪದ್ಮಕ್ಕನಿಗೆ ತಮ್ಮದೆನ್ನುವುದು ಬೇರೇನೂ ಇರಲಿಲ್ಲ. ಕೂತ ಮನೆ ಅಣ್ಣನದು, ಮಲಗುವ ಕೋಣೆ ಅಣ್ಣನ ಮಕ್ಕಳದು.

ಒಂದು ಬೇಸಿಗೆಯಲ್ಲಿ ಎರಡು ಪ್ರೊಸೆಸರ್ ಒಟ್ಟಿಗೆ ಬಂದವು. ಒಂದು ದುಬಾರಿ, ಇನ್ನೊಂದು ಸಾಧಾರಣ ಬೆಲೆಯದು. ಮೊದಲು ಏಸಿ ಹಾಕಿ ನೋಡಿದಾಗ, ತಣ್ಣನೆಯ ಕೋಣೆಯಲ್ಲಿ ದುಬಾರಿಯದು ಸಲೀಸಾಗಿ ಗೆದ್ದಿತು. ಏಸಿ ಆರಿಸಿದ ಮೇಲೆ, ಬಿಸಿ ಕೋಣೆಯಲ್ಲಿ ಅದರ ಬಣ್ಣ ಬಯಲಾಯಿತು. ಪ್ರೊಸೆಸರ್ ಅತಿಯಾಗಿ ಕಾದರೆ ಕೆಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ದುಬಾರಿಯದು ಹಾಗೆ ತಗ್ಗಿಸಿ ತಗ್ಗಿಸಿ ಕೊನೆಗೆ ತೆವಳತೊಡಗಿತು. ಅಗ್ಗದ್ದು ತನ್ನ ಪಾಡಿಗೆ ಮುಂಜಿ ಮುಗಿಸಿ ಕೂತಿತ್ತು. ಪದ್ಮಕ್ಕ ತಣ್ಣನೆಯದು, ಬಿಸಿಯದು ಎರಡರ ಅಂಕಿಯನ್ನೂ ಕೊಟ್ಟರು. ನಾನು ಎರಡನ್ನೂ ಬರೆದೆ.

ವೆಬ್‌ಸೈಟಿನಲ್ಲಿ ಬಂದದ್ದು ತಣ್ಣನೆಯ ಕೋಣೆಯ ಅಂಕಿ ಮಾತ್ರ. ಬಿಸಿ ಕೋಣೆಯ ಪ್ಯಾರಾ ಪೂರ್ತಿ ಹಾರಿಹೋಗಿತ್ತು. ಪಕ್ಕದಲ್ಲೇ ಆ ದುಬಾರಿ ಪ್ರೊಸೆಸರಿನ ದೊಡ್ಡ ಜಾಹೀರಾತು. ಕೆಳಗೆ ಎಂದಿನಂತೆ, ಪರೀಕ್ಷಿಸಿದವರು ಪದ್ಮಾವತಿ ಎಂದು.

ಪದ್ಮಕ್ಕ ನೇರವಾಗಿ ನಮ್ಮ ಯಜಮಾನ ಸಂಪತ್ತು ಎಂಬವನ ಮುಂದೆ ಹೋಗಿ ನಿಂತರು. ವಯಸ್ಸಿನಲ್ಲಿ ಅವರಿಗಿಂತ ಎಷ್ಟೋ ಚಿಕ್ಕವನು. ಕುರ್ಚಿಯಿಂದ ಎದ್ದು ನಿಂತು, ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದ: "ಅಕ್ಕಾ, ಇದರಲ್ಲಿ ಸುಳ್ಳು ಅಂಕಿ ಒಂದಾದರೂ ಇದ್ದರೆ ತೋರಿಸಿ. ಈಗಲೇ ತೆಗೆದುಬಿಡ್ತೀನಿ."

ತೋರಿಸುವಂತಿರಲಿಲ್ಲ. ಎಲ್ಲವೂ ಅವರೇ ಕೊಟ್ಟ ಅಂಕಿಗಳು. ಅವನು ಸುಳ್ಳು ಬರೆದಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ನಿಜವನ್ನು ಬೇಕಾದಷ್ಟೇ ಕತ್ತರಿಸಿ ಬಡಿಸುವ ಜನರನ್ನು ಏನು ಮಾಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅಂಥವರ ಮೇಲಿನ ನನ್ನ ಸಿಟ್ಟೂ ಇಳಿದಿಲ್ಲ.

"ಸೆರಿ, ಹಾಗಾದ್ರೆ ನನ್ನ ಹೆಸರು ತೆಗೆ," ಎಂದರು ಪದ್ಮಕ್ಕ. "ನೋಡೋಣ ಅಕ್ಕಾ," ಎಂದ.

ನೋಡುತ್ತಲೇ ಇದ್ದ. ಅಷ್ಟರಲ್ಲಿ ಒಂದು ಮಧ್ಯಾಹ್ನ ಸೆಲ್ವಿ ಎಂಬಾಕೆ ಮೆಟ್ಟಿಲು ಹತ್ತಿ ಬಂದಳು. ತ್ರಿಪ್ಲಿಕೇನಿನಲ್ಲಿ ತಾರಸಿಯ ಮೇಲಿನ ಶೀಟು ಹೊದಿಸಿದ ಕೋಣೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡಿಕೊಂಡಿದ್ದವಳು. ಪದ್ಮಕ್ಕನ ಹೆಸರು ನೋಡಿ ದುಬಾರಿಯದನ್ನೇ ಕೊಂಡಿದ್ದಳು. ಮದುವೆ ಸೀಸನ್ ಶುರುವಾದ ಮೇಲೆ ಮಧ್ಯಾಹ್ನವಾದರೆ ಯಂತ್ರ ಮುಂದಕ್ಕೆ ಸಾಗದು. ಹೇಳಿದ ದಿನಕ್ಕೆ ವಿಡಿಯೋ ಕೊಡಲಾಗದೆ ಬೈಸಿಕೊಂಡಿದ್ದಳು; ಕೆಲಸಗಳು ಒಂದೊಂದಾಗಿ ಕೈ ತಪ್ಪಿದ್ದವು. ಆಕೆ ಜಗಳಕ್ಕೆ ಬಂದವಳಲ್ಲ. ತಾನೇ ಏನೋ ತಪ್ಪು ಮಾಡುತ್ತಿರಬೇಕು ಎಂದುಕೊಂಡು ಕೇಳಿ ತಿಳಿಯಲು ಬಂದಿದ್ದಳು.

ಪದ್ಮಕ್ಕ ಅವಳನ್ನು ಕೋಣೆಗೆ ಕರೆದೊಯ್ದು, ಏಸಿ ಆರಿಸಿ, ಎರಡು ಯಂತ್ರಗಳಿಗೂ ಕೆಲಸ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡರು. ದುಬಾರಿಯದು ಜೋರಾಗಿ ಹೊರಟು, ನಿಧಾನವಾಗಿ, ಆಮೇಲೆ ತೆವಳುವುದನ್ನು ಸೆಲ್ವಿ ಕಣ್ಣಾರೆ ನೋಡಿದಳು. ಬೆವರು ಒರೆಸಿಕೊಳ್ಳುತ್ತ ಕೇಳಿದಳು: "ಇದು ನಿಮಗೆ ಮುಂಚೆಯೇ ಗೊತ್ತಿತ್ತಾ ಅಮ್ಮಾ?"

"ಗೊತ್ತಿತ್ತು."

"ಮತ್ತೆ ಹೆಸರು ಯಾಕಮ್ಮಾ ಹಾಕಿದಿರಿ?"

ನಾನು ಬಾಗಿಲಲ್ಲಿದ್ದೆ. ಹೆಸರು ಹಾಕಿದ್ದು ಇವರಲ್ಲ ಎಂದು ಹೇಳಲು ಬಾಯಿ ತೆರೆದೆ. ಪದ್ಮಕ್ಕ ಕೈಸನ್ನೆ ಮಾಡಿ ತಡೆದರು. ಸೆಲ್ವಿ ಮೆಟ್ಟಿಲಿಳಿದು ಹೋದಳು. ಪದ್ಮಕ್ಕ ಅವತ್ತೇ ಕೆಲಸ ಬಿಟ್ಟರು.

ಬಿಡುವಾಗಲೂ ಕೇಳಿದ್ದು ಹೆಸರನ್ನೇ. ಸಂಪತ್ತು ಮತ್ತೆ ಮರ್ಯಾದೆಯಿಂದಲೇ ವಿವರಿಸಿದ. ಕಚೇರಿಯಲ್ಲಿ ನಡೆದ ಪರೀಕ್ಷೆ ಕಚೇರಿಯ ಸ್ವತ್ತು, ಅದರ ಹೆಸರೂ ಕಚೇರಿಯದೇ. ಮುಂದಿನ ತಿಂಗಳಿಂದ "ಪದ್ಮಾ ಟೆಸ್ಟ್ ಪಾಸ್" ಎಂಬ ದುಂಡನೆಯ ಮುದ್ರೆಯೊಂದು ಹೊರಟಿತು. ಜಾಹೀರಾತು ಕೊಟ್ಟವರ ಸರಕಿಗೆಲ್ಲ ಅದನ್ನು ಒತ್ತತೊಡಗಿದರು. ಅದು ತಮ್ಮ ಪರೀಕ್ಷೆಯಲ್ಲ ಎಂದು ಪದ್ಮಕ್ಕ ವೆಬ್‌ಸೈಟಿನಲ್ಲಿ ಓದುಗರು ಅಭಿಪ್ರಾಯ ಬರೆಯುವ ಜಾಗದಲ್ಲಿ ಬರೆದರು. ಪದ್ಮಾ ಅಮ್ಮನ ಹೆಸರು ಕೆಡಿಸಲು ಯಾರೋ ನಕಲಿ ಬಂದಿದ್ದಾರೆ ಎಂದು ಅವರ ಅಭಿಮಾನಿಗಳೇ ಅವರನ್ನು ಬೈದು ಓಡಿಸಿದರು. ಬೇರೆ ಕಡೆ ಕೆಲಸ ಕೇಳಲು ಹೋದರೆ, ಆ ದುಬಾರಿ ಪ್ರೊಸೆಸರನ್ನು ಹೊಗಳಿದವರು ನೀವೇ ಅಲ್ಲವೇ ಎಂದು ನಕ್ಕು ಕಳಿಸಿದರು. ನಾನೂ ಆಮೇಲೆ ಒಂದು ವಿಮಾ ಕಚೇರಿ ಸೇರಿಕೊಂಡೆ.

ಕೊನೆಯ ಸಲ ಅವರನ್ನು ಕಂಡಿದ್ದು ತ್ರಿಪ್ಲಿಕೇನಿನ ಮನೆಯಲ್ಲಿ. ಬಡವಾಗಿದ್ದರು, ಮಾತೂ ಕಡಿಮೆಯಾಗಿತ್ತು. ಕಾಫಿ ಕೊಟ್ಟು ಎದುರಿಗೆ ಕೂತರು. ಅಣ್ಣನ ಮಗಳು ಶ್ರೀನಿಧಿ ಕಾಲೇಜಿಗೆ ಸೇರಿದ್ದಳು. ಅವಳಿಗೊಂದು ಲ್ಯಾಪ್‌ಟಾಪ್ ಬೇಕಿತ್ತು. ಮೊಬೈಲಿನಲ್ಲಿ ಎರಡು ಮಾದರಿಗಳನ್ನು ತೆಗೆದು ಅತ್ತೆಯ ಮುಂದೆ ಹಿಡಿದಳು. ಈ ಊರಿನ ಮಕ್ಕಳಂತೆ ಅವಳಿಗೂ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು.

ಪದ್ಮಕ್ಕ ಎರಡನ್ನೂ ಓದಿದರು. ಒಳಗಿನ ಪ್ರೊಸೆಸರ್ ಯಾವುದೆಂದು ನೋಡಿದರು. "ಇದು ಬೇಡ ಕಣೆ. ಆ ಇನ್ನೊಂದು ತೊಗೋ. ಇದು ಬೇಗ ಕಾಯತ್ತೆ."

"ಇಲ್ಲೆ ಅತ್ತೈ, ಇದಕ್ಕೇ ಪದ್ಮಾ ಟೆಸ್ಟ್ ಪಾಸ್ ಅಂತ ಹಾಕಿದಾರೆ ಪಾರುಂಗೊ, ನೋಡಿ," ಎಂದು ಶ್ರೀನಿಧಿ ಬೆರಳಿಟ್ಟು ತೋರಿಸಿದಳು.

"ಆ ಪದ್ಮಾ ನಾನೇ ಅಲ್ವೇನೇ. ನಾನೇ ಹೇಳ್ತಿದೀನಿ, ಬೇಡ."

ಹುಡುಗಿ ಒಳ್ಳೆಯವಳು. ಅತ್ತೆಯ ಮನಸ್ಸು ನೋಯಿಸುವ ಉದ್ದೇಶ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಅವರ ಭುಜದ ಮೇಲೆ ಕೈಯಿಟ್ಟು, ವಯಸ್ಸಾದವರಿಗೆ ತಿಳಿಹೇಳುವಂತೆ ತಮಿಳಿನಲ್ಲಿ ಮೆಲ್ಲಗೆ ಹೇಳಿದಳು: "ಅದೆಲ್ಲ ನಿಮ್ಮ ಕಾಲದಲ್ಲಿ ಅತ್ತೈ. ಈಗ ಅವರು ಸರಿಯಾಗಿ ಟೆಸ್ಟ್ ಮಾಡ್ತಾರೆ."

ಪದ್ಮಕ್ಕ ಕಾಫಿ ಆರುತ್ತಿದೆ, ಕುಡಿ ಎಂದು ನನಗೆ ಸನ್ನೆ ಮಾಡಿದರು. ಶ್ರೀನಿಧಿ ಅದನ್ನೇ ಆರಿಸಿ, ಅಪ್ಪನ ಕಾರ್ಡಿನ ವಿವರ ತುಂಬಿದಳು. ಒಳಗಿನ ಕೋಣೆಯಲ್ಲಿ ಅವಳಪ್ಪನ ಫೋನು ಸದ್ದು ಮಾಡಿತು.

"ಅತ್ತೈ, ಓಟಿಪಿ ಬಂತು. ಸ್ವಲ್ಪ ಓದಿ ಹೇಳ್ತೀರಾ?"

ಪದ್ಮಕ್ಕ ಎದ್ದು ಹೋಗಿ ಫೋನು ತಂದು, ಕನ್ನಡಕ ಹಾಕಿಕೊಂಡು, ಪರದೆಯನ್ನು ಬೆಳಕಿಗೆ ತಿರುಗಿಸಿ ಒಂದೊಂದೇ ಅಂಕಿ ನಿಧಾನವಾಗಿ ಓದಿ ಹೇಳಿದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಅಂಕಿಗಳು ಅವು.