ಹಳೇ ಆಸ್ಪತ್ರೆಯ ಬಾಗಿಲ ಹಿಡಿ

ಮೊನ್ನೆ ಹುಣಸೆಹಣ್ಣು ಹಚ್ಚಿ ಒಂದು ಹಿತ್ತಾಳೆಯ ಬಾಗಿಲ ಹಿಡಿಯನ್ನು ತಿಕ್ಕುತ್ತಿದ್ದೆ. ಬುಡದ ಗೀರಿನೊಳಗಿಂದ ಕೆಂಪು ಬಣ್ಣ ಬೆರಳಿಗೆ ಹತ್ತಿತು. ತುಕ್ಕು ಅಂದುಕೊಂಡೆ. ಹಿತ್ತಾಳೆಗೆಲ್ಲಿಯ ತುಕ್ಕು? ಮೂಗಿನ ಹತ್ತಿರ ಹಿಡಿದೆ. ಹುಣಸೆಯ ಹುಳಿ ವಾಸನೆಯ ಕೆಳಗೆ ಎಲ್ಲೋ... ಕುಂಕುಮ. ತಿಕ್ಕುವುದನ್ನು ಅಲ್ಲಿಗೇ ಬಿಟ್ಟೆ.

ಆ ಹಿಡಿ ನಮ್ಮೂರಿನ ಮೊದಲ ಆಸ್ಪತ್ರೆಯದು. ನಮ್ಮೂರು ಅಂದರೆ ಅಮೆರಿಕದ ಸೌತ್‌ಫೀಲ್ಡ್ ನಗರದಿಂದ ನಲವತ್ತು ಮೈಲಿ ದೂರದ, ಎರಡೇ ಸಿಗ್ನಲ್‌ಗಳ ಪುಟ್ಟ ಊರು. ಮರದ ವ್ಯಾಪಾರಿಯೊಬ್ಬರು ಬಿಟ್ಟುಕೊಟ್ಟ ಕೆಂಪು ಇಟ್ಟಿಗೆಯ ಎರಡಂತಸ್ತಿನ ಮನೆಯಲ್ಲಿ ಆಸ್ಪತ್ರೆ ಶುರುವಾಗಿತ್ತು. ಊಟದ ಕೋಣೆ ಆಪರೇಷನ್ ಥಿಯೇಟರ್ ಆಯಿತು, ಮೇಲಿನ ಪೂರ್ವದ ಕೋಣೆ ಹೆರಿಗೆ ಕೋಣೆ. ಇದನ್ನೆಲ್ಲ ನನಗೆ ಹೇಳಿದವರು ಅಲ್ಲಿ ವರ್ಷಗಟ್ಟಲೆ ಹೆರಿಗೆ ಮಾಡಿಸಿದ ಡಾಕ್ಟರ್ ಆಂಟಿ.

ಅವರು ಧಾರವಾಡದ ಕಡೆಯವರು. ಆಯುಧಪೂಜೆಯ ದಿನ ಹೆರಿಗೆ ಕೋಣೆಯ ಹಿಡಿಗೆ ಕುಂಕುಮ ಹಚ್ಚದೆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಮೊದಲ ವರ್ಷ ದೊಡ್ಡ ನರ್ಸ್ ಅದನ್ನು ನೋಡಿ ಗಾಬರಿಯಾದರಂತೆ. "ರಕ್ತ ಅಂತ ತಿಳಕೊಂಡು ತೊಳಿಯಾಕಿಗೆ ಝಾಡಿಸಿದ್ಲು ನೋಡು. ನಾ ಬಾಯಿ ತೆರೆಯೂದ್ರೊಳಗ ಎರಡ ಸಲ ತೊಳಸಿದ್ಲು" ಎಂದು ಆಂಟಿ ನಗುತ್ತಿದ್ದರು. ಆಮೇಲಾಮೇಲೆ ಆ ನರ್ಸೇ ನಿಮ್ಮ ಕೆಂಪು ಹಬ್ಬ ಯಾವಾಗ ಎಂದು ಕೇಳುತ್ತಿದ್ದರಂತೆ.

ನನ್ನ ಸೀಮಂತಕ್ಕೂ ಅವರು ಬಂದಿದ್ದರು. ಅಷ್ಟು ಹೊತ್ತಿಗೆ ಆಸ್ಪತ್ರೆ ಹೈವೇ ಎಕ್ಸಿಟ್ ಪಕ್ಕದ ಹೊಸ ಕಟ್ಟಡಕ್ಕೆ ಹೋಗಿತ್ತು. ಮಡಿಲು ತುಂಬಲು ಐದು ಜನರನ್ನು ಕರೆಯುವಾಗ ಅತ್ತೆ ನನ್ನ ಕಿವಿಯಲ್ಲಿ, "ಅವ್ರು ಬೇಡಮ್ಮ, ಅವ್ರಿಗೆ ಮಕ್ಕಳಿಲ್ಲ" ಎಂದರು. ನಾನು ಹೂಂ ಎಂದು ತಲೆಯಾಡಿಸಿದೆ. ಊರಿನ ಅರ್ಧ ಮಕ್ಕಳನ್ನು ಭೂಮಿಗೆ ತಂದವರು ಸೋಫಾದ ತುದಿಯಲ್ಲಿ ಕೂತು ಕೋಸಂಬರಿ ತಿಂದು ಎದ್ದು ಹೋದರು. ಎರಡು ತಿಂಗಳ ಮೇಲೆ ನನ್ನ ಮಗಳನ್ನು ಮೊದಲು ಕೈಗೆತ್ತಿಕೊಂಡವರು ಅವರೇ. ನನಗೆ ನಾಚಿಕೆಯಾಗಿತ್ತು. ಆದರೆ ಅದನ್ನು ಅವರ ಮುಂದೆ ಎಂದೂ ಹೇಳಲಿಲ್ಲ.

ಹೋದ ವರ್ಷ ಹಳೇ ಕಟ್ಟಡ ಕೆಡವುತ್ತಾರೆಂದು ಗೊತ್ತಾಯಿತು. ನಮ್ಮ ಲೈಬ್ರರಿಯವರು ಅದರ ಚರಿತ್ರೆ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಗಂಡ ತೀರಿಕೊಂಡ ಮೇಲೆ ಆಂಟಿ ಸೌತ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ನೋಟ್‌ಬುಕ್ ಹಿಡಿದು ಅಲ್ಲಿಗೆ ಹೋದೆ. ಎಲ್ಲ ಹೇಳಿ ಮುಗಿಸಿ ಚಹಾ ಕಪ್ಪು ಕೆಳಗಿಟ್ಟರು.

"ಇದನ್ನ ಬರ್ಕೋಬ್ಯಾಡ. ಆ ಹೆರಿಗಿ ಖೋಲ್ಯಾಗ ನನ್ನ ಮಗಳೂ ಹುಟ್ಟಿದ್ಲವಾ. ಒಂದ ದಿನ ಇದ್ಲು."

ನಾನು ನೋಟ್‌ಬುಕ್ ಮುಚ್ಚಿದೆ. ಅವರೇ ಮುಂದುವರಿದು, "ಕೆಡವೂದ್ರೊಳಗ ಒಮ್ಮೆ ಆ ಖೋಲಿ ನೋಡಬೇಕು. ಕರಕೊಂಡ ಹೋಗ್ತೀಯೇನು?" ಎಂದರು.

ಆ ಶನಿವಾರವೇ ಕರೆದುಕೊಂಡು ಹೋದೆ. ಸುತ್ತ ತಂತಿ ಬೇಲಿ ಹಾಕಿಯಾಗಿತ್ತು. ಮಹಡಿಯ ನೆಲ ಕುಸಿಯುವ ಹಾಗಿದೆ, ಒಳಗೆ ಬಿಡುವುದಿಲ್ಲ ಎಂದ ಕೆಲಸದವನೊಬ್ಬ. ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ಆಂಟಿ ಬೇಲಿ ಹಿಡಿದುಕೊಂಡು ಮೇಲಿನ ಕಿಟಕಿಯನ್ನೇ ನೋಡುತ್ತ ನಿಂತರು, ತುಂಬಾ ಹೊತ್ತು... ಅವನಿಗೆ ಏನನ್ನಿಸಿತೋ, ಯಾವ ಕೋಣೆ ಎಂದು ಕೇಳಿ ತಾನೇ ಒಳಗೆ ಹೋದ. ಬಾಗಿಲ ಹಿಡಿಯನ್ನು ಬಿಚ್ಚಿ ತಂದು ಅವರ ಕೈಗೆ ಕೊಟ್ಟ.

ಕಾರಿನಲ್ಲಿ ವಾಪಸು ಬರುವಾಗ ಆಂಟಿ ಅದನ್ನು ಮಡಿಲಲ್ಲಿಟ್ಟುಕೊಂಡು ಮೇಲೆ ಸೆರಗು ಹೊದಿಸಿ ಕೂತಿದ್ದರು. ಈಗಲಾದರೂ ತಪ್ಪಾಯಿತು ಎನ್ನಬೇಕು ಅಂದುಕೊಂಡೆ. ಒಂದು ಎಕ್ಸಿಟ್ ದಾಟಿತು, ಇನ್ನೊಂದೂ ದಾಟಿತು.

"ಆಂಟಿ, ಎಸಿ ಜಾಸ್ತಿ ಆಯ್ತಾ?" ಎಂದೆ.

"ಇಲ್ಲವಾ, ಬೆಚ್ಚಗ ಅದ."

ಕಟ್ಟಡ ಉರುಳಿತು. ಚಳಿಗಾಲದಲ್ಲಿ ಆಂಟಿಯೂ ಹೋದರು. ಹಿಡಿಯನ್ನು ನನಗೇ ಕೊಡಬೇಕೆಂದು ಹೇಳಿದ್ದರಂತೆ, ಅವರ ತಮ್ಮನ ಮಗ ತಂದುಕೊಟ್ಟ. ಅವರಿಗೆ ನನ್ನ ಮೇಲೆ ಮುನಿಸಿತ್ತೋ ಇಲ್ಲವೋ, ಈಗ ಕೇಳೋಣವೆಂದರೆ ಯಾರನ್ನು ಕೇಳಲಿ...

ಮುಂದಿನ ತಿಂಗಳು, ಮಗಳು ಇರುವ ಲೊಂಬಾರ್ಡ್‌ನಲ್ಲಿ ಅವಳ ಸೀಮಂತ. ಮೊನ್ನೆ ಹಿಡಿ ತಿಕ್ಕಿದ ಕೈ ತೊಳೆಯುವ ಮೊದಲೇ ಅವಳ ಫೋನ್ ಬಂತು. "ಅಮ್ಮಾ, ಲಿಸ್ಟ್ ಕಳ್ಸು. ಮಡಿಲು ತುಂಬೋಕೆ ಯಾರು ಫಸ್ಟ್?"

ಫೋನನ್ನು ಕಿವಿಗೆ ಒತ್ತಿಕೊಂಡೇ ಹಾಳೆ ಎಳೆದುಕೊಂಡು ಮೊದಲ ಹೆಸರು ಬರೆದೆ. ಬರೆದಾದ ಮೇಲೆ ನೋಡಿದರೆ ಡಾಕ್ಟರ್ ಆಂಟಿ ಎಂದಿತ್ತು. ಹಾಳೆಯ ಅಂಚಿಗೆ ನನ್ನ ಬೆರಳಿನ ಕುಂಕುಮವೂ ಹತ್ತಿತ್ತು.

"ಅಮ್ಮಾ? ಆರ್ ಯೂ ದೇರ್?" ಎನ್ನುತ್ತಿದ್ದಳು ಮಗಳು.

ಇದ್ದಾಗ ಮಡಿಲು ತುಂಬಲು ಅವರನ್ನು ಕರೆಯಲಿಲ್ಲ. ಈಗ ಕರೆದರೆ ಬರಲು ಅವರಿಲ್ಲ.