ಗಿಡ್ಡಪ್ಪನ ನಿದ್ದೆಗೊಂದು ಸಂಘ

ಜಾವಳಿಯ ಗಿಡ್ಡಪ್ಪನಿಗೆ ಬೇಕಾಗಿದ್ದದ್ದು ಸಂಘವಲ್ಲ, ನಿದ್ದೆ. ಮಧ್ಯಾಹ್ನ ಉಂಡ ಮೇಲೆ ಒಂದು ಗಂಟೆ, ಬಸ್ಸಿನ ಹಿಂದಿನ ಉದ್ದ ಸೀಟಿನ ಮೇಲೆ, ಮುಖಕ್ಕೆ ಟವೆಲು ಹಾಕಿಕೊಂಡು. ಇಷ್ಟು ಸಣ್ಣ ವಿಷಯಕ್ಕೆ ಅಧ್ಯಕ್ಷರು, ಬ್ಯಾನರು, ಮೈಕು, ಶಾಲು, ಏಲಕ್ಕಿ ಹಾರ ಎಲ್ಲ ಯಾಕೆ ಬೇಕಾಯಿತು ಎಂದು ಅವನನ್ನೇ ಕೇಳಿದರೆ, "ಅದೇ ನಂಗೂ ತಿಳೀತಿಲ್ಲ ಮಾರಾಯ್ರೆ" ಎನ್ನುತ್ತಾನೆ.

ಮೂಡಿಗೆರೆಯ ಹೊರಗೆ ಗುಡ್ಡ ಕಡಿದು ಕಟ್ಟಿದ ಒಂದು ಇಂಗ್ಲಿಷ್ ಮೀಡಿಯಂ ಶಾಲೆ. ಅದಕ್ಕೆ ಆರು ಹಳದಿ ಬಸ್ಸುಗಳು, ಆರು ಡ್ರೈವರುಗಳು. ದೂರದ ರೂಟಿನ ಬಸ್ಸುಗಳು ರಾತ್ರಿ ಶಾಲೆಯಲ್ಲಿ ನಿಲ್ಲುವುದಿಲ್ಲ, ಡ್ರೈವರ್ ಮನೆ ಮುಂದೆಯೇ ನಿಲ್ಲುತ್ತವೆ. ಹಾಗಾಗಿ ಗಿಡ್ಡಪ್ಪನ ಅಂಗಳದಲ್ಲಿ ಹುಲ್ಲಿನ ಮೆದೆಯ ಪಕ್ಕ ಒಂದು ಬಸ್ಸು. ಅದರ ಕನ್ನಡಿಗೆ ಅವನ ಹೆಂಡತಿ ಪವಿತ್ರಾ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾಳೆ. ಊರಿನವರು ಅದನ್ನು ಶಾಲೆಯ ಬಸ್ಸು ಎಂದು ಕರೆಯುವುದೇ ಇಲ್ಲ. ಗಿಡ್ಡಪ್ಪನ ಬಸ್ಸು ಅದು. ಬಸ್ಸು ಮನೆಯಲ್ಲೇ ಇದ್ದರೆ ಸುಖವಲ್ಲವೇ ಎಂದು ಕೇಳುವವರಿಗೆ ಆ ಸುಖದ ಪರಿಚಯವಿಲ್ಲ. ಕೋಳಿ ಕೂಗುವ ಮೊದಲೇ ಎದ್ದು, ಇಬ್ಬನಿಗೆ ಮರಗಟ್ಟಿದ ಎಂಜಿನ್ನನ್ನು ಬೈದು ಎಬ್ಬಿಸಿ, ಒಂದೊಂದು ತೋಟದ ಗೇಟಿನಲ್ಲೂ ಟೋಪಿ ಸ್ವೆಟರಿನ ಮೂಟೆಗಳಂಥ ಮಕ್ಕಳನ್ನು ಹತ್ತಿಸಿಕೊಂಡು, ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ಶಾಲೆ ಮುಟ್ಟಬೇಕು. ಸಂಜೆ ಅದೇ ಮೂಟೆಗಳನ್ನು ಅದದೇ ಗೇಟಿನಲ್ಲಿ ಇಳಿಸಬೇಕು.

ನಡುವೆ ಬಿಡುವಿದೆಯಲ್ಲ ಎಂದು ಲೆಕ್ಕ ಹಾಕುವವರು ಶಾಲೆಯ ಕಾರ್ಯದರ್ಶಿ ಗಂಗಾಧರಪ್ಪನವರನ್ನು ಮರೆತಿದ್ದಾರೆ. ಅವರು ಗೋಣಿಬೀಡಿನ ಕಡೆ ಎರಡು ಕಾಫಿ ಎಸ್ಟೇಟುಗಳ ಮಾಲೀಕರು. ಬಸ್ಸು ಸುಮ್ಮನೆ ನಿಂತರೆ ಬ್ಯಾಟರಿ ಹಾಳಾಗುತ್ತದೆ ಎಂಬುದು ಅವರ ದೃಢವಾದ ನಂಬಿಕೆ. ಆದ್ದರಿಂದ ಕಾಫಿ ಕುಯಿಲು ಶುರುವಾದ ಮೇಲೆ ಬಸ್ಸುಗಳು ಮಕ್ಕಳನ್ನು ಇಳಿಸಿ ಹಣ್ಣು ಕುಯ್ಯುವ ಹೆಂಗಸರನ್ನು ಹತ್ತಿಸಿಕೊಳ್ಳುತ್ತವೆ. ಬೆಳಿಗ್ಗೆ ಅವರನ್ನು ಹಳೇ ತೋಟಕ್ಕೆ ಬಿಡಬೇಕು. ಮಧ್ಯಾಹ್ನ ಉಂಡ ಕೂಡಲೇ ಅಲ್ಲಿಂದ ಹೊಸ ತೋಟಕ್ಕೆ ಸಾಗಿಸಬೇಕು. ಗಿಡ್ಡಪ್ಪನ ಕಣ್ಣು ತಾನಾಗಿ ಮುಚ್ಚಿಕೊಳ್ಳುವ ಹೊತ್ತೂ ಅದೇ.

ಡಿಸೆಂಬರಿನ ಒಂದು ಸಂಜೆ ಜಾವಳಿ ಹತ್ತಿರದ ತಿರುವಿನಲ್ಲಿ ಅದು ಆಗಿಹೋಯಿತು. ಆಗಿದ್ದೇನು ಎಂದು ಅವನಿಗೂ ಸರಿಯಾಗಿ ಗೊತ್ತಿಲ್ಲ. ಪಕ್ಕದ ಮೊದಲ ಸೀಟಿನಲ್ಲಿ ಕೂರುವ ಎರಡನೇ ಕ್ಲಾಸಿನ ರಂಜಿತಾಳ ದನಿ ಮಾತ್ರ ಕೇಳಿಸಿತು.

"ಡ್ರೈವರ್ ಮಾವ, ನಿಮಗೆ ಕಣ್ಣು ಮುಚ್ಕೊಂಡು ಓಡ್ಸಕ್ಕೆ ಬರುತ್ತಾ?"

ಅವಳ ದನಿಯಲ್ಲಿ ಇದ್ದದ್ದು ಭಯವಲ್ಲ, ಮೆಚ್ಚುಗೆ. ಗಿಡ್ಡಪ್ಪ ಬ್ರೇಕಿನ ಮೇಲೆ ಎದ್ದು ನಿಂತ. ಮುಂದಿನ ಚಕ್ರ ಟಾರು ಬಿಟ್ಟು ಮಣ್ಣಿಗೆ ಇಳಿದಿತ್ತು. ಕೆಳಗೆ ಗದ್ದೆ. ನಡುವೆ ಒಂದು ಲಂಟಾನ ಪೊದೆ ಬಿಟ್ಟರೆ ಬೇರೇನೂ ಇರಲಿಲ್ಲ. ಹಿಂದೆ ಕೂತ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಅವತ್ತು ರಾತ್ರಿ ಪವಿತ್ರಾಳಿಗೊಬ್ಬಳಿಗೆ ಹೇಳಿದ. ಅವಳು, "ನಾಳೆನೇ ಹೋಗಿ ಕೇಳಿ. ಮಧ್ಯಾಹ್ನ ಮಲಗಲೇಬೇಕು ಅನ್ನಿ" ಎಂದಳು.

ಕೇಳಿದ. ಗಂಗಾಧರಪ್ಪನವರು ಮನೆಯ ವರಾಂಡಕ್ಕೆ ಬಂದು ಕುರ್ಚಿಯಲ್ಲಿ ಕೂತು ನಿಧಾನವಾಗಿ ಆಲಿಸಿದರು. ತಿರುವಿನ ಮಾತನ್ನು ಮಾತ್ರ ಗಿಡ್ಡಪ್ಪ ನುಂಗಿಕೊಂಡ. ಅದನ್ನು ಹೇಳಿದರೆ ನಿದ್ದೆಯ ಜೊತೆ ಕೆಲಸವೂ ಹೋಗುತ್ತದೆಂಬ ಹೆದರಿಕೆ.

"ಮಧ್ಯಾಹ್ನದ ನಿದ್ದೆ ಆರೋಗ್ಯಕ್ಕೆ ಬಹಳ ಕೆಟ್ಟದ್ದು ಗಿಡ್ಡಪ್ಪ" ಎಂದರು ಅವರು. "ನನ್ನ ನೋಡು, ನಾನು ಮಲಗಿದ್ದೇ ಇಲ್ಲ." ಆಗಷ್ಟೇ ಎದ್ದು ಬಂದಿದ್ದ ಅವರ ಕೆನ್ನೆಯ ಮೇಲೆ ದಿಂಬಿನ ನೆರಿಗೆ ಇನ್ನೂ ಅಚ್ಚುಕಟ್ಟಾಗಿ ಮೂಡಿತ್ತು.

ಗಿಡ್ಡಪ್ಪ ಉಳಿದ ಡ್ರೈವರುಗಳ ಹತ್ತಿರ ಗೋಳು ಹೇಳಿಕೊಂಡ. ಅಲ್ಲಿಗೆ ವಿಷಯ ಅವನ ಕೈತಪ್ಪಿತು. ಏಕೆಂದರೆ ಡ್ರೈವರುಗಳಲ್ಲಿ ಹಿರಿಯ ಭೂತಯ್ಯ. ಒಂದು ಕಾಲದಲ್ಲಿ ಕಳಸದಲ್ಲಿ ಜೀಪು ಓಡಿಸಿದವನು, ಅಲ್ಲಿನ ಜೀಪ್ ಸ್ಟ್ಯಾಂಡಿನಲ್ಲಿ ಯಾವುದೋ ಸಭೆಯಲ್ಲಿ ಮೈಕು ಹಿಡಿದಿದ್ದವನು. ಆ ಮೈಕನ್ನು ಅವನ ಕೈ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

"ನೀನೊಬ್ನೇ ಯಾಕೆ ಹೋದೆ ಮಾರಾಯ? ಒಬ್ಬ ಹೋದ್ರೆ ಕಾಫಿ ಕೊಟ್ಟು ಕಳಿಸ್ತಾರೆ. ಸಂಘ ಮಾಡೋಣ" ಎಂದ ಭೂತಯ್ಯ.

"ಕಾಫಿನೂ ಕೊಡ್ಲಿಲ್ಲ" ಎಂದ ಗಿಡ್ಡಪ್ಪ.

"ನೋಡು ಮತ್ತೆ! ಸಂಘ ಬೇಕೇ ಬೇಕು."

ಶಾಲೆಯ ಕಾಂಪೌಂಡಿನ ಪಕ್ಕ ಸಿಲ್ವರ್ ಓಕ್ ಮರದಡಿ ಮೊದಲ ಸಭೆ ಸೇರಿತು. ಅಲ್ಲೇ ಮಲೆನಾಡು ಶಾಲಾ ವಾಹನ ಚಾಲಕರ ಕ್ಷೇಮಾಭಿವೃದ್ಧಿ ಸಂಘ ಹುಟ್ಟಿತು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಗಿಡ್ಡಪ್ಪನಿಗೆ ಎರಡು ಆಕಳಿಕೆ ಬಂದವು. ಭೂತಯ್ಯ ಅಧ್ಯಕ್ಷನಾದ. ಆಮೇಲೆ ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಸಹ ಕಾರ್ಯದರ್ಶಿ, ಖಜಾಂಚಿ. ಕೊನೆಗೆ ಗಿಡ್ಡಪ್ಪನೊಬ್ಬ ಉಳಿದಾಗ ಅವನನ್ನು ಬರಿಗೈಯಲ್ಲಿ ಬಿಡುವುದು ಸರಿಯಲ್ಲವೆಂದು ಸಂಘಟನಾ ಕಾರ್ಯದರ್ಶಿ ಮಾಡಿದರು.

ಪ್ರಧಾನ ಕಾರ್ಯದರ್ಶಿಯಾದ ಕಿರಿಯ ಡ್ರೈವರ್ ಜಯಪ್ರಕಾಶ್ ತಲೆ ಕೆರೆದುಕೊಂಡ. "ಭೂತಯ್ಯಣ್ಣ, ಹಂಗಾದ್ರೆ ಸದಸ್ಯರು ಯಾರು?"

"ಸದಸ್ಯರು ಯಾವಾಗ ಬೇಕಾದ್ರೂ ಸಿಗ್ತಾರೆ. ಮೊದ್ಲು ನಾಯಕತ್ವ ಗಟ್ಟಿ ಆಗ್ಲಿ" ಎಂದ ಭೂತಯ್ಯ.

ಬೇಡಿಕೆಗಳನ್ನು ಹೇಳಿ ಎಂದಾಗ ಗಿಡ್ಡಪ್ಪ ನಿದ್ದೆಯೆಂದ. ಬರೀ ನಿದ್ದೆ ಕೇಳಿದರೆ ಸಂಘದ ಘನತೆಗೆ ಕಡಿಮೆಯಾಗುತ್ತದೆ ಎಂದು ಭೂತಯ್ಯ ಗುರುತಿನ ಚೀಟಿ ಸೇರಿಸಿದ. ಇನ್ನೊಬ್ಬ ಚಾಲಕರ ದಿನಾಚರಣೆ ಬೇಕೆಂದ. ಮತ್ತೊಬ್ಬನಿಗೆ ಯೂನಿಫಾರಂ ಮೇಲೆ ಸಂಘದ ಲಾಂಛನ ಬೇಕಾಯಿತು. ನಿದ್ದೆ ಸರಿಯುತ್ತ ಸರಿಯುತ್ತ ಕೊನೆಗೆ ಹೋಗಿ ಕೂತಿತು.

ಉದ್ಘಾಟನೆಗೆ ಫ್ಲೆಕ್ಸ್ ಮಾಡಿಸಲು ಆರೂ ಪದಾಧಿಕಾರಿಗಳು ಪೇಟೆಗೆ ಹೋದರು. ಅಂಗಡಿಯ ರವಿ ಕಂಪ್ಯೂಟರಿನಲ್ಲಿ ಅವರ ಫೋಟೋಗಳನ್ನು ಕೆಳಗೆ ಸಾಲಾಗಿ ಕೂರಿಸಿ, "ಮೇಲೆ ದೊಡ್ಡ ರೌಂಡು ಖಾಲಿ ಇದೆ. ಗೌರವಾಧ್ಯಕ್ಷರು ಯಾರು?" ಎಂದ.

ಈ ಸೀಮೆಯಲ್ಲಿ ಗೌರವಾಧ್ಯಕ್ಷರಿಲ್ಲದೆ ನಾಲ್ಕು ಜನ ಸೇರಿ ವಾಲಿಬಾಲ್ ನೆಟ್ಟು ಕಟ್ಟುವುದೂ ಇಲ್ಲ. ಗಣಪತಿ ಸಮಿತಿಗೆ, ಯುವಕ ಸಂಘಕ್ಕೆ, ಆಟೋ ನಿಲ್ದಾಣಕ್ಕೆ, ಎಲ್ಲಕ್ಕೂ ಒಬ್ಬರು ದೊಡ್ಡವರು ಬೇಕು, ಅವರ ಫೋಟೋ ಎಲ್ಲರ ತಲೆಯ ಮೇಲೆ ಚಂದ್ರನ ಹಾಗೆ ಹೊಳೆಯಬೇಕು. ಭೂತಯ್ಯ ಅರೆಗಳಿಗೆಯೂ ಯೋಚಿಸಲಿಲ್ಲ.

"ಇನ್ಯಾರು? ನಮ್ಮ ಗಂಗಾಧರಪ್ಪೋರು."

"ಅವರದ್ದು ಇದ್ದೇ ಇದೆ" ಎಂದ ರವಿ. ಊರಿನ ಅರ್ಧದಷ್ಟು ಸಂಘಗಳಿಗೆ ಅದೇ ಫೋಟೋ. ಒಂದು ಕ್ಲಿಕ್ಕಿಗೆ ಗಂಗಾಧರಪ್ಪನವರು ಬಂದು ರೌಂಡಿನಲ್ಲಿ ಕೂತು ಮುಗುಳ್ನಕ್ಕರು. ಆರು ಜನರಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಗಿಡ್ಡಪ್ಪನಂತೂ ಫೋಟೋ ಚೆನ್ನಾಗಿ ಬಂದಿದೆ ಎಂದ. ಅಲ್ಲಿಂದ ನೇರ ಎಸ್ಟೇಟಿಗೆ ಹೋಗಿ, ವೀಳ್ಯದೆಲೆ ಇಟ್ಟು ಕರೆದೂ ಬಂದರು.

ಪವಿತ್ರಾ ಒಲೆ ಮುಂದೆ ಕೂತು ಎಲ್ಲ ಕೇಳಿದಳು. "ನಿದ್ದೆ ಯಾರ ಹತ್ರ ಕೇಳ್ಬೇಕು?"

"ಗಂಗಾಧರಪ್ಪೋರ ಹತ್ರ."

"ಯಾರು ಕೇಳೋದು?"

"ಸಂಘ."

"ಸಂಘಕ್ಕೆ ದೊಡ್ಡೋರು ಯಾರು?"

ಗಿಡ್ಡಪ್ಪ ಫೋನಿಗೆ ಕೈ ಹಾಕಿದ. ಪವಿತ್ರಾ ನಕ್ಕು ನಕ್ಕು ಊದುಗೊಳವೆ ಕೆಳಗಿಟ್ಟಳು. "ನಿಮ್ಮ ಆರು ಜನರ ತಲೆ ಸೇರ್ಸಿದ್ರೂ ಒಂದು ತೆಂಗಿನಕಾಯಿ ಆಗಲ್ಲ ಕಣ್ರೀ" ಎಂದಳು.

ಭೂತಯ್ಯನಿಗೆ ಫೋನು ಮಾಡಿದರೆ ಅವನು ಸಿಡುಕಿದ. "ಈಗ ತೆಗೆದ್ರೆ ಅವರಿಗೆ ಅವಮಾನ ಆಗಲ್ವಾ? ಎಷ್ಟು ಖುಷಿಯಾದ್ರು ನೀನೇ ನೋಡಿದ್ಯಲ್ಲ. ಹಾಲ್ ಅವರೇ ಕೊಟ್ಟಿದ್ದಾರೆ, ಉಪ್ಪಿಟ್ಟು ಕಾಫಿನೂ ಅವರದೇ."

"ಅಂತೂ ಕಾಫಿ ಕೊಟ್ಟು ಕಳಿಸ್ತಾರೆ ಅನ್ನು" ಎಂದ ಗಿಡ್ಡಪ್ಪ. ಭೂತಯ್ಯನಿಗೆ ಅದು ಅರ್ಥವಾಗಲಿಲ್ಲ.

ಭಾನುವಾರ ಶಾಲೆಯ ಹಾಲ್ ತುಂಬಿತ್ತು. ಮಕ್ಕಳ ಅಪ್ಪ ಅಮ್ಮಂದಿರನ್ನೂ ಕರೆಸಿದ್ದರು. ಗಂಗಾಧರಪ್ಪನವರು ದೀಪ ಹಚ್ಚಿ ಭಾಷಣಕ್ಕೆ ನಿಂತರು. "ನಿಮ್ಮ ಸಂಘ" ಎಂದು ಶುರು ಮಾಡಿದವರು ಮೂರನೇ ವಾಕ್ಯಕ್ಕೆ "ನಮ್ಮ ಸಂಘ" ಎಂದರು, ಕಾಲು ಗಂಟೆಯಲ್ಲಿ "ನಾನು ಕಟ್ಟಿದ ಈ ಸಂಘ" ಎಂಬಲ್ಲಿಗೆ ತಲುಪಿದರು. ಗುರುತಿನ ಚೀಟಿ ಮಂಜೂರಾಯಿತು. ಲಾಂಛನ, ದಿನಾಚರಣೆ ಮಂಜೂರಾದವು. ಭೂತಯ್ಯ ಪ್ರತಿಯೊಂದಕ್ಕೂ ಎದ್ದು ಕೈಮುಗಿದ.

"ಇನ್ನು ವಿಶ್ರಾಂತಿಯ ವಿಷಯ" ಎಂದು ಗಂಗಾಧರಪ್ಪನವರು ಕನ್ನಡಕ ಸರಿಮಾಡಿಕೊಂಡರು. "ಇದು ಸೂಕ್ಷ್ಮ. ಕುಯಿಲು ಮುಗಿದು ಮಳೆ ಹಿಡಿದ ಮೇಲೆ ಇದಕ್ಕೊಂದು ಉಪಸಮಿತಿ ಮಾಡೋಣ. ಅದರ ಭಾರವನ್ನೂ ನಾನೇ ಹೊರ್ತೀನಿ."

ಚಪ್ಪಾಳೆ ಬಿತ್ತು. ಗಿಡ್ಡಪ್ಪ ಎದ್ದು ನಿಂತ. "ಸಾರ್, ಒಂದು ಮಾತು..."

ತಿರುವಿನ ಕತೆ ಗಂಟಲವರೆಗೆ ಬಂದಿತ್ತು. ಆದರೆ ಮೂರನೇ ಸಾಲಿನಲ್ಲಿ ರಂಜಿತಾಳ ತಾಯಿ ಕೂತಿದ್ದರು. ಅವನನ್ನು ನೋಡಿ ಪರಿಚಯದ ನಗೆ ನಕ್ಕರು. ಅಷ್ಟರಲ್ಲಿ ಗಂಗಾಧರಪ್ಪನವರು ಹಿಗ್ಗಿ, "ಓಹೋ, ವಂದನಾರ್ಪಣೆ! ಬಾ, ಬಾ" ಎಂದು ಮೈಕನ್ನು ಅವನ ಕೈಗಿಟ್ಟೇಬಿಟ್ಟರು.

ಗಿಡ್ಡಪ್ಪ ಮೈಕನ್ನು ನೋಡಿದ, ಜನರನ್ನು ನೋಡಿದ, ಮೂರನೇ ಸಾಲು ನೋಡಿದ. ಆಮೇಲೆ ಗಂಗಾಧರಪ್ಪನವರಿಗೆ ವಂದನೆ ಸಲ್ಲಿಸಿದ. ಮೈಕಿನವರಿಗೆ, ಕುರ್ಚಿ ಹಾಕಿದವರಿಗೆ, ಉಪ್ಪಿಟ್ಟು ಮಾಡಿದವರಿಗೆ ಸಲ್ಲಿಸಿದ. ಕೆಳಗಿಳಿದು ಬಂದಾಗ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಭೂತಯ್ಯ ಬೆನ್ನು ತಟ್ಟಿ, "ಚೆನ್ನಾಗಿ ಮಾತಾಡ್ತೀಯ ಕಣೋ, ನಂಗೆ ಗೊತ್ತೇ ಇರ್ಲಿಲ್ಲ" ಎಂದ.

ಸಂಘದಿಂದ ಬದಲಾವಣೆ ಆಗಲಿಲ್ಲವೆಂದು ಹೇಳಿದರೆ ತಪ್ಪಾದೀತು. ಗೌರವಾಧ್ಯಕ್ಷರ ಸ್ನೇಹಿತರೊಬ್ಬರ ತೋಟದ ಹೆಂಗಸರನ್ನೂ ಈಗ ಸಂಘದ ವತಿಯಿಂದ ಸಾಗಿಸಬೇಕಾಗಿ ಬಂತು. ಉಣ್ಣುವ ಹೊತ್ತೂ ಹೋಯಿತು. ಕೊರಳಲ್ಲಿ ಗುರುತಿನ ಚೀಟಿ ತೂಗಾಡುತ್ತಿತ್ತು, ತೂಕಡಿಸಿದಾಗ ಸ್ಟೀರಿಂಗಿಗೆ ಟಕ್ಕೆಂದು ಬಡಿದು ಎಬ್ಬಿಸುತ್ತಿತ್ತು. ಅದೊಂದೇ ಉಪಯೋಗ.

ಹಾಗೆ ಅದು ಟಕ್ಕೆಂದ ಒಂದು ಮಧ್ಯಾಹ್ನ, ಗೋಣಿಬೀಡಿಗೆ ಸ್ವಲ್ಪ ಹಿಂದೆ, ಗಿಡ್ಡಪ್ಪ ಬಸ್ಸನ್ನು ಹಲಸಿನ ಮರದ ಕೆಳಗೆ ಒತ್ತಿ ನಿಲ್ಲಿಸಿದ. ಹಿಂದೆ ಕುಯಿಲಿನ ಹೆಂಗಸರು. ಅವರಲ್ಲಿ ಹಿರಿಯಳಾದ ರಾಮಮ್ಮ ಕತ್ತು ಚಾಚಿದಳು.

"ಎಂತ ಆಯ್ತೋ ಗಿಡ್ಡಪ್ಪ? ಬಸ್ ಕೆಟ್ಟೋಯ್ತಾ?"

"ಬಸ್ ಸರಿ ಇದೆ ರಾಮಮ್ಮಕ್ಕ. ನಾನೇ ಕೆಟ್ಟೋಗಿದೀನಿ."

ಮೈಕಿನ ಮುಂದೆ ಬಾಯಿಗೆ ಬರದೆ ಹೋದ ತಿರುವು ಈಗ ತಾನಾಗಿ ಬಂತು. ಚಕ್ರ ಮಣ್ಣಿಗೆ ಇಳಿದದ್ದು, ಕೆಳಗಿನ ಗದ್ದೆ, ರಂಜಿತಾಳ ಪ್ರಶ್ನೆ, ಎಲ್ಲ. ಹೆಂಗಸರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಅಯ್ಯೋ ನಿನ್ನ! ಇದನ್ನ ಅವತ್ತು ಸಭೇಲಿ ಹೇಳೋದು ಬಿಟ್ಟು ಉಪ್ಪಿಟ್ಟಿನವರಿಗೆ ನಮಸ್ಕಾರ ಹಾಕ್ದೆಯಂತಲ್ಲ?" ಎಂದಳು ರಾಮಮ್ಮ. ಆಮೇಲೆ ಹಿಂದಿನ ಉದ್ದ ಸೀಟಿನವರನ್ನು ಎಬ್ಬಿಸಿದಳು. "ಏಳ್ರೇ, ಅವನು ಮಲಗ್ಲಿ. ನಮಗೂ ಬೆನ್ನು ಬಿದ್ದೋಗಿದೆ."

ಗಿಡ್ಡಪ್ಪ ಮಲಗಿದ, ಮುಖಕ್ಕೆ ಟವೆಲು ಹಾಕಿಕೊಂಡ. ಸ್ಟೀರಿಂಗಿನ ಮುಂದೆ ಕರೆಯದೆ ಬರುತ್ತಿದ್ದ ನಿದ್ದೆ ಇಲ್ಲಿ ಕಾಲು ಚಾಚಿದರೂ ಹತ್ತಿರ ಸುಳಿಯಲಿಲ್ಲ. ಹೆಂಗಸರು ಕಿಟಕಿಗೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದರು. ಅವನೊಬ್ಬನೇ ಎಚ್ಚರ. ಅಷ್ಟರಲ್ಲಿ ಫೋನು ನಡುಗಿತು. ಭೂತಯ್ಯನ ಅಪ್ಪಣೆಯಂತೆ ಎಲ್ಲರೂ ಫೋನಿನಲ್ಲಿ ಗಂಗಾಧರಪ್ಪನವರ ಹೆಸರು ಬದಲಿಸಿಕೊಂಡಿದ್ದರು. "ಗೌರವಾಧ್ಯಕ್ಷರು" ಎಂದು ಬೆಳಗುತ್ತಿತ್ತು.

"ಎಲ್ಲಿದ್ದೀಯಯ್ಯಾ? ಹೊಸ ತೋಟದಲ್ಲಿ ಮೇಸ್ತ್ರಿ ಕಾಯ್ತಾ ಇದ್ದಾನೆ."

"ಬಸ್ ನಿಲ್ಸಿದೀನಿ ಸಾರ್. ಮಲಗಿದೀನಿ."

"ಮಲಗಿದ್ದೀಯಾ? ಯಾರನ್ನ ಕೇಳಿ?"

"ಸಂಘದಿಂದ ತೀರ್ಮಾನ ಆಯ್ತು ಸಾರ್."

"ಯಾವ ಸಂಘ? ನಾನೇ ಅಲ್ವೇನಯ್ಯಾ ಸಂಘ!"

"ಅದಕ್ಕೇ ನಿಮಗೂ ತಿಳಿಸ್ದೆ" ಎಂದು ಗಿಡ್ಡಪ್ಪ ಫೋನು ಆರಿಸಿದ. ಟವೆಲನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡ. ಈ ಸಲ ಕೂಡಲೇ ನಿದ್ದೆ ಬಂತು.

ಮರುದಿನವೇ ಅವನ ಮೇಲೆ ಶಿಸ್ತುಕ್ರಮ ಜಾರಿಯಾಯಿತು. ಜಾರಿ ಮಾಡಿದ್ದು ಶಾಲೆಯಲ್ಲ, ಸಂಘ. ಗೌರವಾಧ್ಯಕ್ಷರಿಗೆ ಎದುರಾಡಿದ್ದಕ್ಕಾಗಿ ಗಿಡ್ಡಪ್ಪನನ್ನು ಸಂಘಟನಾ ಕಾರ್ಯದರ್ಶಿ ಸ್ಥಾನದಿಂದ ಇಳಿಸಲಾಗಿದೆ ಎಂದು ಭೂತಯ್ಯ ಸಿಲ್ವರ್ ಮರದಡಿ ನಿಂತು ಘೋಷಿಸಿದ. ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಂಡಿದ್ದ.

"ಅಂತೂ ನಮ್ಮ ಸಂಘಕ್ಕೆ ಒಬ್ಬ ಸದಸ್ಯ ಸಿಕ್ಕಿದ" ಎಂದ ಜಯಪ್ರಕಾಶ್. ಭೂತಯ್ಯ ಅವನನ್ನು ಗದರಿಸಿದ.

ಬೇರೆ ಡ್ರೈವರನ್ನು ಹುಡುಕುತ್ತಿದ್ದಾರಂತೆ. ಜಾವಳಿಯಲ್ಲಿ ಆ ಚಳಿಗೆ ಕೋಳಿಗಿಂತ ಮೊದಲು ಏಳುವವನು ಇನ್ನೂ ಸಿಕ್ಕಿಲ್ಲ. ಸಿಗುವ ತನಕ ಬಸ್ಸು ದಿನವೂ ಮಧ್ಯಾಹ್ನ ಹಲಸಿನ ಮರದಡಿ ನಿಲ್ಲುತ್ತದೆ. ಫೋನು ದಿನವೂ ನಡುಗುತ್ತದೆ. ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂದುಕೊಳ್ಳುತ್ತಲೇ ಗಿಡ್ಡಪ್ಪ ನಿದ್ದೆ ಹೋಗುತ್ತಾನೆ.

ಸಂಜೆ ಆ ತಿರುವು ಬಂದಾಗ ರಂಜಿತಾ ಸೀಟಿನ ತುದಿಗೆ ಸರಿದು ಅವನ ಮುಖವನ್ನೇ ನೋಡುತ್ತಾಳೆ.

"ಮಾವ, ಇವತ್ತೂ ಕಣ್ಣು ಮುಚ್ಚಲ್ವಾ?"

"ಇಲ್ಲ ಕಣವ್ವ. ಮಧ್ಯಾಹ್ನನೇ ಮುಚ್ಚಿ ಮುಗಿಸ್ದೆ."

"ಥೂ, ಚೆನ್ನಾಗಿತ್ತು ಅವತ್ತು" ಎಂದು ಅವಳು ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗುತ್ತಾಳೆ.