ಗೆರೆ ಅಳಿದ ಹೆಬ್ಬೆರಳು

ಎದುರು ಖೋಲಿಯ ಕಾಕುವಿನ ಬಲ ಅಂಗೈ ವರ್ಷಗಟ್ಟಲೆ ತಿಕ್ಕಿದ ಸ್ಟೀಲ್ ತಾಟಿನ ಹಾಗೆ ನುಣುಪಾಗಿತ್ತು. ಬೆರಳ ತುದಿಗಳಂತೂ ಹೊಳೆಯುತ್ತಿದ್ದವು. ಒಮ್ಮೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಕುರ್ಲಾದ ನಮ್ಮ ಚಾಳಿಗೆ ಬಂದಿದ್ದ. ಅವರ ಕೈಯನ್ನು ಬೆಳಕಿಗೆ ಹಿಡಿದು, ಆಚೆ ಈಚೆ ಹೊರಳಿಸಿ, ಕೊನೆಗೆ ಕಾಸನ್ನೂ ಕೇಳದೆ ಎದ್ದು ಪಕ್ಕದ ಖೋಲಿಗೆ ಹೋದ. ಗ್ಯಾಲರಿಯಲ್ಲಿದ್ದ ನಾವೆಲ್ಲ ನಕ್ಕೆವು. ಕಾಕುವೂ ನಕ್ಕರು. "ನನ್ನ ಹಣೇಬರಾ ಎಲ್ಲಾ ರೊಟ್ಟಿಗೆ ಹತ್ತಿ ಹೋಗೇತಿ ತಗೋ" ಎಂದರು.

ಚಾಳಿನ ಸಣ್ಣವರು ದೊಡ್ಡವರು ಎಲ್ಲರಿಗೂ ಅವರು ಕಾಕುವೇ. ಇಂಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಜೋಳದ ರೊಟ್ಟಿ ಬಡಿದು ಸಯನ್ನಿನ ಕನ್ನಡದ ಮನೆಗಳಿಗೆ ಕೊಡುತ್ತಿದ್ದರು. ಅದರಿಂದ ಬಂದದ್ದು ಖೋಲಿಯ ಬಾಡಿಗೆಗೆ, ಕರೆಂಟಿಗೆ, ಬಿ.ಪಿ. ಗುಳಿಗೆಗೆ ಸರಿಹೋಗುತ್ತಿತ್ತು. ಹೊಟ್ಟೆಗೆ ರೇಷನ್ನೇ ಗತಿ.

ನಾನು ಸ್ಟೇಷನ್ ಹೊರಗೆ ನೈಟಿ ಮಾರುವವಳು. ಫುಟ್‌ಪಾತಿನಲ್ಲಿ ಒಂದು ಚಾದರ ಹಾಸಿ ಶುರು ಮಾಡಿದೆ, ಈಗ ಶಟರ್ ಇರುವ ಅಂಗಡಿ ಇದೆ. ಯಾರೂ ಕೈಹಿಡಿದು ನಡೆಸಲಿಲ್ಲ, ನನ್ನ ಬಾಯಿಯೇ ನಡೆಸಿತು. ಚೌಕಾಸಿ ಕಲಿಯಬೇಕೆಂದರೆ ನನ್ನಿಂದ ಕಲಿಯಿರಿ. ಮನಸ್ಸಿಗೆ ಬಂದ ವಸ್ತುವನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ. ಮೊದಲ ಬೆಲೆಯನ್ನು ಎದುರಿನವನ ಬಾಯಿಂದಲೇ ಹೊರಡಿಸಿ. ಆಗದಿದ್ದರೆ ತಿರುಗಿ ಎರಡು ಹೆಜ್ಜೆ ಜೋರಾಗಿ ಹಾಕಿ, ಮೂರನೆಯದನ್ನು ಮಾತ್ರ ನಿಧಾನಕ್ಕೆ ಇಡಿ. ಅವನು ಕರೆಯುವುದು ಆ ಮೂರನೆಯ ಹೆಜ್ಜೆಗೆ.

ಕಾಕು ಯಾರೊಡನೆಯೂ ಚೌಕಾಸಿ ಮಾಡಿದವರಲ್ಲ. ತರಕಾರಿ ಮಾರುವ ಬಾಜಿಯವನು ಹೇಳಿದ ಬೆಲೆ ಕೊಟ್ಟು, ಅವನು ಹಾಕಿದ್ದನ್ನು ತೂಕವನ್ನೂ ನೋಡದೆ ಸೆರಗಿಗೆ ಹಾಕಿಕೊಂಡು ಬರುತ್ತಿದ್ದರು. ನಾನು ಅರ್ಧ ಗಂಟೆ ಗಂಟಲು ಹರಿದುಕೊಂಡು ತಂದ ಮೆಂತ್ಯದಲ್ಲಿ ಹಳದಿ ಎಲೆ ಇರುತ್ತಿತ್ತು. ಅವರಿಗಾಗಿ ಆತ ಎಳೆಯ ಸಿವುಡನ್ನು ಗೋಣಿಯ ಕೆಳಗೆ ಬಚ್ಚಿಟ್ಟಿರುತ್ತಿದ್ದ. ಇದು ನನಗೆ ಹೇಗೆ ಉರಿಯುತ್ತಿತ್ತೆಂದು ಹೇಳಲಾರೆ. ಇಷ್ಟು ವರ್ಷ ಕಷ್ಟಪಟ್ಟು ಕಲಿತ ವಿದ್ಯೆ, ಏನೂ ಕಲಿಯದ ಈ ಹೆಂಗಸಿನ ಮುಂದೆ ಸುಳ್ಳಾಗುತ್ತಿತ್ತಲ್ಲ. ದೊಡ್ಡಸ್ತಿಕೆ ಇದು, ಬೆಲೆ ಕೇಳುವುದು ತಮಗೆ ಕಡಿಮೆ ಎಂದು ತೋರಿಸಿಕೊಳ್ಳುತ್ತಾರೆ ಎಂದೇ ತಿಳಿದಿದ್ದೆ.

ಅದಕ್ಕಿಂತ ದೊಡ್ಡ ಉರಿ ರೊಟ್ಟಿಯದು. ನನ್ನ ಅವ್ವ ರಾಯಬಾಗ ಕಡೆಯವಳು, ಆದರೆ ಈ ಊರಿನಲ್ಲಿ ಇಟ್ಟಿಗೆ ಹೊತ್ತು ಹೊತ್ತು, ಸಂಜೆ ಬರುವಾಗ ಪಾವ್ ತರುತ್ತಿದ್ದಳು. ಒಲೆಯ ಮುಂದೆ ಕೂರಿಸಿಕೊಂಡು ರೊಟ್ಟಿ ಕಲಿಸಲು ಅವಳಿಗೆ ಪುರಸತ್ತಿರಲಿಲ್ಲ. ನನ್ನ ರೊಟ್ಟಿಯ ಅಂಚು ಇಂದಿಗೂ ಒಡೆಯುತ್ತದೆ. ವಿಜಯಪುರ, ಬೆಳಗಾವಿ ಕಡೆಯ ಹೆಂಗಸರ ನಡುವೆ ಅಂಚು ಒಡೆಯುವ ರೊಟ್ಟಿ ಎಂದರೆ ಏನೆಂದು ಬಲ್ಲವರೇ ಬಲ್ಲರು. ಅಂಗಡಿಯಲ್ಲಿ ಹತ್ತು ಗಿರಾಕಿಗಳನ್ನು ಒಟ್ಟಿಗೆ ಆಡಿಸುವ ನಾನು, ಹಿಟ್ಟು ನಾದುವ ಪರಾತದ ಮುಂದೆ ಕೂತರೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಕಾಕು ಬಾಗಿಲು ತೆಗೆದೇ ಬಡಿಯುತ್ತಿದ್ದರು. ಆ ಪಟಪಟ ಸದ್ದಿಗೆ ನನ್ನ ಮಗಳು ತಾಟು ಬಿಟ್ಟು ಏಳುತ್ತಿದ್ದಳು. "ಮಮ್ಮಿ, ನಿಂದು ನಕೋ. ಕಾಕುದು ರೊಟ್ಟಿ ಬೇಕು."

ಹೋಗಿಬಿಡುತ್ತಿದ್ದಳು. ಎದುರು ಖೋಲಿಯಿಂದ ಅವಳ ನಗು ಕೇಳುತ್ತಿತ್ತು.

ಆ ಖೋಲಿಯ ಮೂಲೆಯಲ್ಲಿ ಒಂದು ಮಣೆ, ಮಣೆಯ ಮೇಲೆ ಗಂಡನ ಹಳೆಯ ಧೋತರದಲ್ಲಿ ಸುತ್ತಿಟ್ಟ ಕಡಕ್ ರೊಟ್ಟಿಯ ಒಟ್ಟಿಲು ಇರುತ್ತಿತ್ತು. ಒಣಗಿಸಿಟ್ಟ ಆ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಾರುವ ರೊಟ್ಟಿ ಬೇರೆ, ಇದು ಬೇರೆ. ಗೋಡೆಯ ಕ್ಯಾಲೆಂಡರಿನಲ್ಲಿ ದೇವಿಯ ಚಿತ್ರವಿತ್ತು. ರೊಟ್ಟಿಯ ಒಟ್ಟಿಲು ಯಾವಾಗಲೂ ದೇವಿಯ ಪಾದಕ್ಕೆ ತಾಗಿರಬೇಕು. ಒಂದು ಬೆರಳು ಕೆಳಗಿಳಿದರೂ ಕಾಕುವಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಆ ದಿನವೇ ಹಂಚು ಇಡುತ್ತಿದ್ದರು.

ಲಾಕ್‌ಡೌನಿನಲ್ಲಿ ಸ್ಟೇಷನ್ ಮುಚ್ಚಿ, ನನ್ನ ವ್ಯಾಪಾರ ನಿಂತು, ಅಂಗಡಿಗಳಲ್ಲಿ ಹಿಟ್ಟು ಸಿಗದಾದಾಗ ಆ ಒಟ್ಟಿಲಿನಿಂದಲೇ ನಮ್ಮ ಮನೆಗೂ ರೊಟ್ಟಿ ಬಂತು, ನಂಜಿಕೊಳ್ಳಲು ಶೇಂಗಾ ಹಿಂಡಿ ಬೇರೆ. ನಾನೂ ಗಂಡನೂ ಮಗಳೂ ಉಂಡೆವು. ಉಂಡ ಮೇಲೆ ನನಗೆ ಬಂದದ್ದು ಕೃತಜ್ಞತೆ ಎಂದು ಬರೆದರೆ ಸುಳ್ಳಾದೀತು. ಜೇಬಿನಲ್ಲಿ ನೋಟಿದ್ದೂ ಕೈಯೊಡ್ಡಿದವಳು ನಾನು, ಏನೂ ಇಲ್ಲದೆ ಕೊಟ್ಟವರು ಅವರು. ಹೊಟ್ಟೆ ತುಂಬಿದರೂ ಹೊಟ್ಟೆಕಿಚ್ಚು ಆರುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗ.

ಅದಾದ ಮಾರನೆಯ ವರ್ಷ ರೇಷನ್ ಅಂಗಡಿಯ ಸಾಲಿನಲ್ಲಿ ನಾನು ಕಾಕುವಿನ ಹಿಂದೆಯೇ ನಿಂತಿದ್ದೆ. ಬೆರಳ ಗುರುತು ನೋಡುವ ಮೆಷೀನಿನ ಮೇಲೆ ಅವರು ಹೆಬ್ಬೆರಳಿಟ್ಟರು. ಕೆಂಪು ದೀಪ ಬಂತು. ಬೇರೆ ಬೆರಳಿಟ್ಟರು, ಮತ್ತೆ ಕೆಂಪು. ಅಂಗಡಿಯವನು ತಲೆ ಎತ್ತದೆ, "ಮೌಸಿ, ಹಾಥ್ ಧೋಕೆ ಆವೊ" ಎಂದ. ಕೈ ತೊಳೆದು ಬಾ ಎಂದು. ಕಾಕು ಸರಿ ಎಂದು ತಲೆಯಾಡಿಸಿ ಖಾಲಿ ಚೀಲ ಮಡಚಿಕೊಂಡು ಹೋದರು.

ಕಲ್ಯಾಣದಲ್ಲಿ ತಮ್ಮನ ಜೊತೆ ಇರುವ ನನ್ನ ಅಪ್ಪನಿಗೂ ಹೀಗೇ ಆಗಿತ್ತು. ಸಿಮೆಂಟ್ ಚೀಲ ಹೊತ್ತು ಅವನ ಬೆರಳ ಗೆರೆ ಸವೆದಿತ್ತು. ಮೆಷೀನಿಗೆ ಬೆರಳು ಹತ್ತದವರ ಕಾರ್ಡಿಗೆ ಒಂದು ಮೊಬೈಲ್ ನಂಬರ್ ಜೋಡಿಸಿದರೆ, ಅದಕ್ಕೆ ಬರುವ ಅಂಕಿ ಹೇಳಿ ಧಾನ್ಯ ತರಬಹುದು. ಅಪ್ಪನ ಕೆಲಸವನ್ನು ನಾನೇ ಓಡಾಡಿ ಮಾಡಿಸಿದ್ದೆ. ಸಾಲಿನಲ್ಲಿ ನಿಂತಾಗ ಅದೆಲ್ಲ ನೆನಪಿಗೆ ಬಂತು. ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಎಲ್ಲರೂ ಹೊಗಳುವ ಆ ಕೈಯನ್ನು ಒಂದು ಮೆಷೀನಾದರೂ ಬೇಡವೆಂದಿತಲ್ಲ ಎಂದು ಒಳಗೊಳಗೇ ಹಿತವಾಯಿತು. ಕೇಳಿದರೆ ಹೇಳೋಣ, ಕೇಳಲಿ ಎಂದುಕೊಂಡೆ. ಚೌಕಾಸಿಯ ಬುದ್ಧಿಯಲ್ಲವೇ, ಎದುರಿನವರೇ ಮೊದಲು ಬಾಯಿ ಬಿಡಬೇಕು.

ಅವರು ಕೇಳಲಿಲ್ಲ. ಮುಂದಿನ ತಿಂಗಳು ಧಾನ್ಯ ಬರುವ ಮುಂಚೆ, ಬೆಳಗಿನ ಹೊತ್ತು ಮೋರಿಯ ಹತ್ತಿರ ಕರಕರ ಸದ್ದು ಕೇಳಿತು. ಇಣುಕಿ ನೋಡಿದೆ. ಕಾಕು ಕಾಲು ತಿಕ್ಕುವ ಕಲ್ಲಿನಿಂದ ಹೆಬ್ಬೆರಳು ತಿಕ್ಕುತ್ತಿದ್ದರು. ಅಂಗಡಿಯವನು ತೊಳೆದು ಬಾ ಎಂದದ್ದನ್ನು ಅವರು ನಂಬಿದ್ದರು, ಬೆರಳಿಗೆ ಮೆತ್ತಿದ ಹಿಟ್ಟು ಮೆಷೀನಿಗೆ ಅಡ್ಡಬರುತ್ತಿದೆ ಎಂದು. ಉಳಿದಿದ್ದ ಒಂದೆರಡು ಗೆರೆಯನ್ನೂ ತಮ್ಮ ಕೈಯಾರೆ ಅಳಿಸುತ್ತಿದ್ದರು. ನಾನು ನೋಡಿದೆ, ಅಂಗಡಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದೆ. ಅದರ ಮುಂದಿನ ತಿಂಗಳೂ ಆ ಸದ್ದು ಕೇಳಿತು. ಆಗಲೂ ಮೆಟ್ಟಿದೆ.

ಮೂರನೆಯ ತಿಂಗಳು ಒಂದು ಸಂಜೆ ಮಗಳು ಎದುರು ಖೋಲಿಯಿಂದ ಉಂಡು ಬಂದು, ಬಾಯಿ ಒರೆಸಿಕೊಳ್ಳುತ್ತ, "ಮಮ್ಮಿ, ಕಾಕು ಮನೇಲಿ ದೇವಿ ಮೇಲೆ ಹೋಗಿಬಿಟ್ಟಳು" ಎಂದಳು.

ಏನು ಹಾಗೆಂದರೆ ಎಂದು ಕೇಳಿದೆ. ರೊಟ್ಟಿ ಕೆಳಗೆ ಕೆಳಗೆ ಹೋಗಿದೆ, ದೇವಿ ದೂರ ಇದ್ದಾಳೆ ಎಂದಳು.

"ನಿನಗೆ ಕೊಟ್ಟರಲ್ಲ?"

"ಕೊಟ್ಟರು. ಕಾಕು ತಿನ್ನಲಿಲ್ಲ. ಉಪಾಸ್ ಇದೆ ಅಂದ್ರು."

ಅಂದು ಉಪವಾಸದ ವಾರವಾಗಿರಲಿಲ್ಲ. ಇವತ್ತೊಂದೇ ದಿನವಾ ಎಂದು ಕೇಳಿದೆ.

"ರೋಜ್ ಇರುತ್ತೆ ಅವರದು" ಎಂದಳು ಮಗಳು.

ನಾನು ಗ್ಯಾಲರಿ ದಾಟಿದೆ. ಅಷ್ಟು ವರ್ಷದಲ್ಲಿ ಕರೆಯದೆ ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ಧೋತರ ಎತ್ತಿ ನೋಡಿದರೆ, ಮಣೆಯ ಮೇಲೆ ಮುರಿದ ನಾಲ್ಕಾರು ರೊಟ್ಟಿಯ ಚೂರು. ಕಾಕುವಿನ ಹೆಬ್ಬೆರಳು ಸುಲಿದು ಕೆಂಪಗಾಗಿತ್ತು, ಸುತ್ತ ಅರಿಶಿನ ಹಚ್ಚಿದ್ದರು.

"ಯಾರಿಗೂ ಯಾಕ ಹೇಳಲಿಲ್ಲ ಕಾಕು?"

"ಏನ ಹೇಳಲೆವಾ? ಕೈ ಸ್ವಚ್ಛ ಆಗವಲ್ದು. ನಲವತ್ತ ವರ್ಷದ ಹಿಟ್ಟು ನೋಡು, ತಿಕ್ಕಿದ್ರ ಹೋದೀತೇನು?"

"ಅದು ಹಿಟ್ಟಲ್ರೀ. ನಿಮ್ಮ ಬೆರಳಿನ ಗೆರಿ ಸವದಾವ. ತಿಕ್ಕಿದಷ್ಟೂ ಹೋಗತಾವ."

ಅವರು ಬೆರಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿ ಕೇಳಿದರು. "ನಿನಗ ಹ್ಯಾಂಗ ಗೊತ್ತಾತು?"

"ನಮ್ಮಪ್ಪಗೂ ಹಿಂಗ ಆಗಿತ್ತು. ನಾನ ಮಾಡಿಸಿ ಕೊಟ್ಟೆ."

"ಯಾವಾಗ?"

ಯಾರ ಮುಂದೆಯೂ ಮಾತಿಗೆ ತಡವರಿಸದವಳು ನಾನು. "ಹ್ವಾದ ವರ್ಷ" ಎನ್ನಲು ತಡವರಿಸಿ, ಧೋತರವನ್ನು ತಿರುಗಿ ಚೂರುಗಳ ಮೇಲೆ ಎಳೆದೆ. ಕಾಕು ದಡ್ಡರಲ್ಲ. ಸಾಲಿನಲ್ಲಿ ನಾನು ಹಿಂದೆಯೇ ಇದ್ದೆನೆಂಬುದು ಅವರಿಗೆ ನೆನಪಿತ್ತು. ಕೈಯನ್ನು ಮಡಿಲಿಗೆ ಇಳಿಸಿ, "ನಾಳೆ ನನ್ನ ಕೂಡ ಬರತೀಯೇನು?" ಎಂದರು. ಅಷ್ಟೇ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಮರುದಿನ ಅಂಗಡಿಯ ಶಟರ್ ಎತ್ತಲಿಲ್ಲ. ರೇಷನ್ ಆಫೀಸಿನಲ್ಲಿ ಕೂತು, ಅವರ ಹತ್ತಿರ ಮೊಬೈಲ್ ಇಲ್ಲವೆಂದು ನನ್ನ ನಂಬರನ್ನೇ ಕಾರ್ಡಿಗೆ ಹಾಕಿಸಿದೆ. ಅಲ್ಲಿಂದ ನೇರ ರೇಷನ್ ಅಂಗಡಿಗೆ ಬಂದೆವು. ಅಂಗಡಿಯವನು ನಾಳೆ ಎಂದ, ಸರ್ವರ್ ಇಲ್ಲ ಎಂದ, ಹೋದ ತಿಂಗಳುಗಳದ್ದು ಮುಗಿದುಹೋಯಿತು ಎಂದ. ನಾನು ಕಲಿತದ್ದನ್ನೆಲ್ಲ ಅಲ್ಲಿ ಸುರಿದೆ. ಕನ್ನಡ, ಹಿಂದಿ, ಮರಾಠಿ ಮೂರರಲ್ಲೂ ಸುರಿದೆ. ಕಳೆದ ತಿಂಗಳುಗಳದ್ದು ದಕ್ಕಲಿಲ್ಲ. ಆ ತಿಂಗಳಿನದು ಪೂರಾ ಬಂತು, ತೂಕ ನೋಡಿಯೇ ಹಾಕಿಸಿಕೊಂಡೆ. ಅಷ್ಟು ಹೊತ್ತೂ ಕಾಕು ಹಿಂದಿನಿಂದ ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು. "ಸಾಕ ಬಿಡವಾ. ಇಲ್ಲಂದಾನು. ಇಲ್ಲಂದಾನು."

ಬರುವಾಗ ಬಸ್‌ಸ್ಟಾಪಿನ ಹತ್ತಿರ ಚೀಲ ಇಳಿಸಿ ನಿಂತೆವು. ಆಗ ಹೇಳಿದರು. ಸಣ್ಣವರಿದ್ದಾಗ ಬರದ ವರ್ಷ, ಊರಿನಲ್ಲಿ ಸರಕಾರದ ಜೋಳ ಹಂಚುತ್ತಿದ್ದಾಗ, ಅವರ ಅವ್ವ ತಕ್ಕಡಿ ನೋಡಿ ಕಡಿಮೆ ಐತಲ್ಲ ಎಂದಳಂತೆ. ಕೊಡುವವನು ಆಕೆಯ ಸೆರಗಿನಿಂದ ಜೋಳವನ್ನು ತಿರುಗಿ ಚೀಲಕ್ಕೆ ಸುರುವಿಕೊಂಡು, ಮುಂದಿನವರನ್ನು ಕರೆದನಂತೆ. ಖಾಲಿ ಸೆರಗು ಹಿಡಿದು ಅವ್ವ ನಿಂತದ್ದನ್ನು ಪಕ್ಕದಲ್ಲೇ ಇದ್ದ ಹುಡುಗಿ ನೋಡಿದ್ದಳು.

"ಅವತ್ತಿಂದ ಕೊಡಾವ್ರ ಮುಂದ ನನ್ನ ನಾಲಿಗಿ ಏಳಂಗಿಲ್ಲ. ನೀ ಬಾಜಿಯವನ ಕೂಡ ಬಡದಾಡೂದನ್ನ ಬಾಗಲ ಹಿಂದ ನಿಂತು ಕೇಳತಿದ್ದೆ. ಹೊಟ್ಟಿಕಿಚ್ಚ ಆಗತಿತ್ತು."

"ಯಾರ ಮ್ಯಾಲೆ?" ಎಂದೆ, ತಿಳಿಯದೆ.

"ನಿನ್ನ ಮ್ಯಾಲೇ. ಈ ಬಾಯಿ ನಂಗ ಕೊಟ್ಟಿದ್ರ ನಾ ಇಷ್ಟ ರೊಟ್ಟಿ ಒಟ್ಟತಿದ್ದಿಲ್ಲ" ಎಂದು ನಕ್ಕು ಚೀಲದ ಒಂದು ಕಿವಿ ಹಿಡಿದರು. ಇನ್ನೊಂದು ಕಿವಿ ನಾನು ಹಿಡಿದೆ.

ನಾನು ದೊಡ್ಡಸ್ತಿಕೆ ಎಂದುಕೊಂಡದ್ದು ಭಯವಾಗಿತ್ತು. ದೇವಿಯ ಪಾದ ಮುಟ್ಟುವ ಆ ಒಟ್ಟಿಲೂ ಭಯವೇ. ಆ ಘಳಿಗೆಯಲ್ಲಿ ನನ್ನ ಹೊಟ್ಟೆಕಿಚ್ಚನ್ನೂ ಹೇಳಿಬಿಡಬಹುದಿತ್ತು. ಮತ್ತೆ ಹೇಳಲಿಲ್ಲ.

ಆಮೇಲೆ ಎರಡು ವರ್ಷ ಪ್ರತಿ ತಿಂಗಳು ಅವರ ಅಂಕಿ ನನ್ನ ಮೊಬೈಲಿಗೆ ಬರುತ್ತಿತ್ತು, ಇಬ್ಬರೂ ಒಟ್ಟಿಗೆ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಅವರು ನನಗೆ ರೊಟ್ಟಿ ಕಲಿಸಲು ನೋಡಿದರು. ಎಸರು ಕುದಿಯುವವರೆಗೆ ಕಾಯುವ ತಾಳ್ಮೆ ನನಗಿಲ್ಲ ಎಂದು ಬೇಗನೆ ತಿಳಿದುಕೊಂಡು, ಬಿಟ್ಟರು. ಕಳೆದ ಮಳೆಗಾಲ ನಾಲ್ಕು ದಿನ ಜ್ವರ ಬಂದದ್ದೇ ನೆಪ, ತೀರಿಕೊಂಡರು. ಒಟ್ಟಿಲು ದೇವಿಯ ಪಾದಕ್ಕೆ ತಾಗಿತ್ತು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ರೊಟ್ಟಿ ತರಬೇಕು. ಇಂಡಿಯಿಂದ ಅವರ ತಂಗಿ ಬಂದಿದ್ದರು. ಹೊರಗಿಂದ ತರಿಸುವಷ್ಟು ದುಡ್ಡು ನನ್ನಲ್ಲಿತ್ತು, ಆದರೂ ಪರಾತ ಎಳೆದುಕೊಂಡು ಕೂತೆ. ಬಾಗಿಲು ತೆಗೆದಿಟ್ಟೇ ಬಡಿದೆ. ಒಂದೊಂದರ ಅಂಚೂ ಒಡೆಯಿತು. ಕಡಲೆಹಿಟ್ಟಿನ ಝುಣಕದ ಜೊತೆ ಇಟ್ಟಾಗ ಆ ತಂಗಿ ಒಂದು ಚೂರು ಮುರಿದು, ಅಂಚನ್ನು ನೋಡಿ, "ನೀನ ಏನು ಬಾಯಿ ಇದ್ದಾಕಿ?" ಎಂದು ಕೇಳಿ, ಪೂರ್ತಿ ಉಂಡರು. ಅಕ್ಕ ಊರಿಗೆ ಹೋದಾಗಲೆಲ್ಲ ನನ್ನ ಬಾಯಿಯ, ನನ್ನ ಒಡಕು ರೊಟ್ಟಿಯ ಸುದ್ದಿಯನ್ನೇ ಹೇಳುತ್ತಿದ್ದರಂತೆ.

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ಮಗಳು ಈಗಲೂ ನನ್ನ ರೊಟ್ಟಿ ಮುರಿಯುವಾಗ "ಕಾಕುದು ಹೀಗೆ ಇರಲಿಲ್ಲ" ಎನ್ನುತ್ತಾಳೆ, ನನಗೆ ಈಗಲೂ ಉರಿಯುತ್ತದೆ. ಆದರೆ ಹಸಿದು ಕೂತು ಅವಳಿಗೆ ಉಣಿಸಿದವರು ಯಾರು, ಅವರು ಹಸಿಯುವಂತೆ ಬಾಯಿ ಕಟ್ಟಿಕೊಂಡಿದ್ದವರು ಯಾರು ಎಂದು ಅವಳಿಗೆ ಇನ್ನೂ ಹೇಳಿಲ್ಲ. ಇದನ್ನು ಅವಳಿಗೆ ಓದಿ ಹೇಳಬೇಕು. ಕನ್ನಡ ಓದಲು ಅವಳಿಗೆ ಬರುವುದಿಲ್ಲ.

ನಿಮಗೊಂದು ಮಾತು. ರೇಷನ್ ಸಾಲಿನಲ್ಲಿ ಯಾರಿಗಾದರೂ ಕೈ ತೊಳೆದು ಬಾ ಎಂದರೆ, ಅವರು ಕೇಳಲಿ ಎಂದು ಕಾಯಬೇಡಿ. ನಾನು ಈಗ ಕಾಯುವುದಿಲ್ಲ. ಮುಂದೆ ಹೋಗಿ ಬಾಯಿ ತೆರೆಯುತ್ತೇನೆ. ತೆರೆಯುವ ಮೊದಲು ಮಾತ್ರ, ಹಿಂದಿನಿಂದ ಸೆರಗು ಜಗ್ಗುತ್ತದೆಯೋ ಎಂದು ಒಂದು ಕ್ಷಣ ನಿಲ್ಲುತ್ತೇನೆ.